ನೋಯದ ಹಲ್ಲಿನ ಗಡುವು

ಹಲ್ಲಿಗೆ ಹಾಕಿಸಿದ ಕ್ಯಾಪ್ ಕಳಚಿಕೊಳ್ಳುವುದು ಸಾಮಾನ್ಯವಾಗಿ ತಿನ್ನುವಾಗ, ಅದರಲ್ಲೂ ಅಂಟುವ ಪದಾರ್ಥ ಬಾಯಲ್ಲಿರುವಾಗ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಅಂಥ ಪದಾರ್ಥಕ್ಕೆ ಬರವಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಮತ್ತು ಕಬ್ಬು, ಬಸ್ ನಿಲ್ದಾಣದಲ್ಲಿ ಕಡಲೆ ಮಿಠಾಯಿ, ಆಲೆಮನೆಯಲ್ಲಿ ಆಗಷ್ಟೇ ಇಳಿಸಿದ ಬೆಲ್ಲ. ವಿಚಿತ್ರವೆಂದರೆ ಬಲವಾಗಿ ಕಚ್ಚಿದಾಗ ಕ್ಯಾಪ್ ಅಲುಗುವುದಿಲ್ಲ. ಕಚ್ಚಿದ ಮೇಲೆ ಬಾಯಿ ತೆರೆಯುವಾಗ ಮಿಠಾಯಿಯ ಜೊತೆ ಎದ್ದು ಬರುತ್ತದೆ. ಕಲ್ಲು ಸಿಕ್ಕಿತೆಂದು ಉಗುಳಿ ನೋಡಿದರೆ ಅಂಗೈ ಮೇಲೆ ತನ್ನದೇ ಹಲ್ಲು! ನಾಲಿಗೆ ಹೋಗಿ ತಡಕಿದ ಕಡೆ ಒರಟಾದ ಒಂದು ಮೋಟು.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಉತ್ತರ ಕ್ಯಾಪಿನೊಳಗಿನ ಸಿಮೆಂಟಿನಲ್ಲಿದೆ. 19ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟ್ ಸಿಮೆಂಟನ್ನೇ ನೋಡೋಣ. ಅದು ಸುಮಾರು 100 ಮೆಗಾಪಾಸ್ಕಲ್‌ನಷ್ಟು ಒತ್ತಡವನ್ನು ತಾಳುತ್ತದೆ, ಎಳೆತಕ್ಕೆ ಮಾತ್ರ 5ರ ಆಸುಪಾಸಿನಲ್ಲೇ ಸೋಲುತ್ತದೆ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ರೂಪಿಸಿ 1972ರಲ್ಲಿ ಪ್ರಕಟಿಸಿದ ಗ್ಲಾಸ್ ಅಯನೊಮರ್ ಸಿಮೆಂಟ್ ಹಲ್ಲಿನ ಖನಿಜಕ್ಕೆ ರಾಸಾಯನಿಕವಾಗಿಯೂ ಅಂಟಿಕೊಳ್ಳುತ್ತದೆ. ಹಾಗಿದ್ದರೂ ಎಳೆತದ ಎದುರು ಅದೂ ಬಲಶಾಲಿಯಲ್ಲ. ಆದ್ದರಿಂದ ಕ್ಯಾಪನ್ನು ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಆಕಾರದ್ದು. ಒಂದರೊಳಗೊಂದು ಬಿಗಿಯಾಗಿ ಕೂತ ಎರಡು ಸ್ಟೀಲ್ ಲೋಟಗಳು ಬಿಡಿಸಲು ಬರದಂತೆ ಕಚ್ಚಿಕೊಳ್ಳುತ್ತವಲ್ಲ, ಅದೇ ಉಪಾಯ ಇಲ್ಲಿಯದೂ. ಡಾಕ್ಟರು ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ತೇಯ್ದು, ಮೇಲಕ್ಕೆ ಹೋಗುತ್ತ ಕೊಂಚವೇ ಕಿರಿದಾಗುವ ಮೋಟು ಮಾಡುತ್ತಾರೆ. ಅದರ ಮೇಲೆ ಕ್ಯಾಪ್ ಕೂರುತ್ತದೆ. ನಡುವೆ ಉಳಿಯುವ ಸಂದನ್ನು ತುಂಬುವ ಸಿಮೆಂಟಿನ ಪದರ 25 ಮೈಕ್ರಾನ್ ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾನಕ. ತಲೆಗೂದಲಿನ ದಪ್ಪದ ಅರ್ಧದಷ್ಟೂ ಇಲ್ಲದ ಪದರ ಅದು.

ಈ ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ಏನು ಮಾಡಬಹುದು, ಏನು ಮಾಡಕೂಡದು ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಕ್ಯಾಪ್ ತಯಾರಾಗುವ ಬಗೆಯೂ ತಿಳಿದಿರಲಿ. 1907ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಟಾಗರ್ಟ್ ಮೇಣದ ಅಚ್ಚು ಮಾಡಿ, ಮೇಣ ಕರಗಿಸಿ, ಆ ಪೊಳ್ಳಿಗೆ ಚಿನ್ನ ಹೊಯ್ಯುವ ವಿಧಾನವನ್ನು ಹಲ್ಲಿನ ಚಿಕಿತ್ಸೆಯಲ್ಲಿ ಜನಪ್ರಿಯಗೊಳಿಸಿದ. ನಾಗಮಂಗಲದ ಲೋಹಶಿಲ್ಪಿಗಳು ದೇವರ ವಿಗ್ರಹಕ್ಕೆ ಎರಕ ಹೊಯ್ಯುವ ವಿದ್ಯೆಯೂ ಇದೇ. ಈಗ ಜಿರ್ಕೋನಿಯಾ ಕ್ಯಾಪುಗಳನ್ನು ಕಂಪ್ಯೂಟರಿನ ವಿನ್ಯಾಸದಂತೆ ಯಂತ್ರ ಕೊರೆಯುತ್ತದೆ. ಸಣ್ಣ ಊರಿನ ಕ್ಲಿನಿಕ್ಕುಗಳು ಸಾಮಾನ್ಯವಾಗಿ ಹಲ್ಲಿನ ಅಚ್ಚು ತೆಗೆದು ಮೈಸೂರು, ಬೆಂಗಳೂರಿನಂಥ ಊರಿನ ಲ್ಯಾಬಿಗೆ ಕಳಿಸಿ, ಕೆಲವು ದಿನ ಕಾದು ಕ್ಯಾಪ್ ತರಿಸುತ್ತವೆ. ಒಬ್ಬರ ಒಂದು ಹಲ್ಲಿಗಷ್ಟೇ ಹೊಂದುವಂತೆ ಮಾಡಿದ ವಸ್ತು ಅದು, ಮತ್ತೊಂದು ಬಾಯಲ್ಲಿ ಕೂರುವುದಿಲ್ಲ. ಆದ್ದರಿಂದ ಕಳಚಿ ಬಿದ್ದ ಕ್ಯಾಪ್ ಕಸವಲ್ಲ. ಒಳಗಿನ ಮೋಟು ಗಟ್ಟಿಯಾಗಿದ್ದು, ಕ್ಯಾಪ್ ಒಡೆಯದೆ ಇದ್ದರೆ ಡಾಕ್ಟರು ಅದನ್ನೇ ಸ್ವಚ್ಛ ಮಾಡಿ ಮತ್ತೆ ಕೂರಿಸುತ್ತಾರೆ. ಹೊಸ ಕ್ಯಾಪಿನ ಖರ್ಚು ಉಳಿಯುತ್ತದೆ.

ಮೊದಲ ಕೆಲಸ ಅದನ್ನು ಜೋಪಾನ ಮಾಡುವುದು. ತೊಳೆಯುವಾಗ ಸಿಂಕಿನ ತೂತು ಮುಚ್ಚಿರಬೇಕು, ಬಚ್ಚಲಲ್ಲಾದರೆ ಕೆಳಗೊಂದು ಬಟ್ಟಲು ಹಿಡಿಯಬೇಕು. ಕೈಜಾರಿ ನೀರಿನೊಡನೆ ಹೋಗಿಬಿಡುವ ಕ್ಯಾಪುಗಳಿವೆ. ಕಾಗದದಲ್ಲಿ ಸುತ್ತಿ ಇಟ್ಟರೆ ಮನೆಯಲ್ಲಿ ಯಾರಾದರೂ ಕಸವೆಂದು ಎಸೆದಾರು. ಮುಚ್ಚಳವಿರುವ ಸಣ್ಣ ಡಬ್ಬಿಯೇ ಸರಿ.

ಆಮೇಲೆ ಬೆಳಕಿಗೆ ಹಿಡಿದು ಅದರ ಒಳಭಾಗ ನೋಡಬೇಕು. ಒಳಗೆ ಟೊಳ್ಳಾಗಿದ್ದು ಬಿಳಿಯ ಸಿಮೆಂಟಿನ ಪುಡಿಯಷ್ಟೇ ಇದ್ದರೆ ಒಳ್ಳೆಯ ಸೂಚನೆ. ಕಂದು ಬಣ್ಣದ ಗಟ್ಟಿ ತುಂಡು ತುಂಬಿಕೊಂಡಿದ್ದರೆ ಮೋಟೇ ಮುರಿದು ಕ್ಯಾಪಿನ ಜೊತೆ ಬಂದಿದೆ ಎಂದರ್ಥ. ಕೆಳಗೆ ಮೊಳೆಯಂಥ ಲೋಹದ ಕಡ್ಡಿ ಚಾಚಿಕೊಂಡಿದ್ದರೆ ಅದು ಬೇರಿನೊಳಗೆ ಇಳಿಸಿದ್ದ ಆಧಾರ. ಈ ಎರಡು ಸಂದರ್ಭಗಳಲ್ಲಿ ಕ್ಯಾಪನ್ನು ಮನೆಯಲ್ಲಿ ಮತ್ತೆ ಕೂರಿಸುವ ಪ್ರಯತ್ನವನ್ನೇ ಮಾಡಕೂಡದು. ಇಂಪ್ಲಾಂಟ್ ಮೇಲಿನ ಕ್ಯಾಪ್ ಸಡಿಲವಾದರೂ ಹಾಗೆಯೇ. ಅಲ್ಲಿ ಸಡಿಲಾಗಿರುವುದು ಒಳಗಿನ ಸ್ಕ್ರೂ ಇರಬಹುದು, ಅದನ್ನು ಒತ್ತಿ ಸರಿಪಡಿಸಲಾಗದು. ಎರಡು ಮೂರು ಹಲ್ಲು ಸೇರಿಸಿ ಮಾಡಿದ ಬ್ರಿಡ್ಜ್ ಒಂದು ಕಡೆ ಮಾತ್ರ ಎದ್ದಿದ್ದರೆ ದಾರ ಕಟ್ಟಿ ಎಳೆಯುವ ಸಾಹಸವೂ ಬೇಡ. ಇನ್ನೊಂದು ತುದಿಯ ಹಲ್ಲು ಮುರಿದೀತು.

ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಕವಲು ಯಾವುದೆಂದು ನಿರ್ಧರಿಸುವುದು ಆ ಹಲ್ಲಿಗೆ ಜೀವವಿದೆಯೇ, ಇಲ್ಲವೇ ಎಂಬುದು.

ನರ ತೆಗೆಸದೆ ಕ್ಯಾಪ್ ಹಾಕಿಸಿದ ಹಲ್ಲು ಜೀವಂತ ಹಲ್ಲು. ಕ್ಯಾಪ್ ಬಿದ್ದ ಕೂಡಲೇ ಅದು ಕೂಗಿ ಹೇಳುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಗಾಳಿ ಎಳೆದುಕೊಂಡರೂ ಚುಳ್ಳೆನ್ನುತ್ತದೆ. ಹೊರಗಿನ ಎನಾಮಲ್ ತೇಯ್ದುಹೋಗಿ ಬಯಲಾದ ದಂತದ್ರವ್ಯದಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಹತ್ತಾರು ಸಾವಿರ ಸೂಕ್ಷ್ಮ ನಾಳಗಳಿವೆ. ಅವುಗಳ ತುಂಬ ದ್ರವ. ಬಿಸಿ, ತಂಪು, ಸಿಹಿ ತಾಗಿದಾಗ ಆ ದ್ರವ ಮಿಸುಕಿ ಒಳಗಿನ ನರವನ್ನು ಕೆಣಕುತ್ತದೆ ಎಂಬುದನ್ನು ಸ್ವೀಡನ್ನಿನ ಮಾರ್ಟಿನ್ ಬ್ರೆನ್‌ಸ್ಟ್ರೋಮ್ 1960ರ ದಶಕದಲ್ಲಿ ವಿವರಿಸಿದರು. ಈ ನೋವಿಗೊಂದು ಉಪಕಾರವಿದೆ. ಅದು ಮನುಷ್ಯನನ್ನು ಮರುದಿನವೇ ಬಸ್ ಹತ್ತಿಸುತ್ತದೆ.

ರೂಟ್ ಕೆನಾಲ್ ಆದ ಹಲ್ಲಿನದು ಬೇರೆ ಕಥೆ. ಒಳಗಿನ ನರ, ರಕ್ತನಾಳ ಎಲ್ಲವನ್ನೂ ತೆಗೆದು ರಬ್ಬರಿನಂಥ ಗಟಾ ಪರ್ಚಾ ತುಂಬಿರುತ್ತಾರೆ. ಅದು ನೋಯಲಾರದು. ದವಡೆಯ ಹಿಂದಿನ ಹಲ್ಲಾದರೆ ನಕ್ಕರೂ ಯಾರಿಗೂ ಕಾಣದು. ಆಗ ಹುಟ್ಟುವ ಮಾತು ಒಂದೇ: “ನೋವೇನಿಲ್ಲ ಬುಡಿ ಸಾ, ಹಬ್ಬ ಕಳೀಲಿ.” ಹಬ್ಬ ಕಳೆದ ಮೇಲೆ ಅರಿಶಿನ ಕೀಳುವುದು, ಅದಾದ ಮೇಲೆ ಮಾದಪ್ಪನ ಬೆಟ್ಟದ ಜಾತ್ರೆ, ಮಕ್ಕಳ ಪರೀಕ್ಷೆ, ಆಷಾಢದಲ್ಲಿ ಚಾಮರಾಜೇಶ್ವರನ ತೇರು. ನೋವೇ ಆಸ್ಪತ್ರೆಯ ದಾರಿ ತೋರಿಸುವ ಸೀಮೆಯಲ್ಲಿ ನೋಯದ ಹಲ್ಲು ಸರದಿಯ ಕೊನೆಗೆ ಹೋಗಿ ನಿಲ್ಲುತ್ತದೆ. ಕ್ಯಾಪ್ ಕಳಚಿದವರು ಹಲ್ಲನ್ನೇ ಕಳೆದುಕೊಳ್ಳುವುದು ಬಹುಪಾಲು ಹೀಗೆಯೇ. ಈ ಅಧ್ಯಾಯದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ಇಡಬೇಕು: ನೋಯದ ಹಲ್ಲಿಗೂ ಗಡುವಿದೆ, ಅದು ವಾರಗಳ ಲೆಕ್ಕದ್ದು.

ಆ ಗಡುವು ಎಲ್ಲಿಂದ ಬಂತು? ಮೂರು ಬದಲಾವಣೆಗಳು ಸದ್ದಿಲ್ಲದೆ ಒಟ್ಟಿಗೇ ಶುರುವಾಗುತ್ತವೆ.

ಮೊದಲನೆಯದು ಹುಳುಕು. ಎನಾಮಲ್ ಎಂಬುದು ದೇಹದ ಅತ್ಯಂತ ಗಟ್ಟಿ ವಸ್ತು, ತೂಕದಲ್ಲಿ ಶೇ. 96ರಷ್ಟು ಖನಿಜ. ಬಾಯಿಯ ಆಮ್ಲತೆ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಮಾತ್ರ ಅದು ಕರಗತೊಡಗುತ್ತದೆ. ಕ್ಯಾಪಿಗಾಗಿ ತೇಯ್ದ ಮೋಟಿನಲ್ಲಿ ಆ ಕವಚ ಬಹುತೇಕ ಇಲ್ಲ. ಉಳಿದಿರುವ ದಂತದ್ರವ್ಯದಲ್ಲಿ ಖನಿಜ ಶೇ. 70ರಷ್ಟು, ಅದು ಪಿಎಚ್ 6ಕ್ಕೂ ಮೇಲಿರುವಾಗಲೇ ಕರಗಲಾರಂಭಿಸುತ್ತದೆ. ಎಂದರೆ, ಸಕ್ಕರೆ ಹಾಕಿದ ಎರಡು ಲೋಟ ಕಾಫಿ ಕುಡಿದ ಮೇಲೆ ಪಕ್ಕದ ಹಲ್ಲು ಸುಧಾರಿಸಿಕೊಳ್ಳುವಷ್ಟರಲ್ಲಿ ಮೋಟು ಇನ್ನೂ ಸವೆಯುತ್ತಲೇ ಇರುತ್ತದೆ. ಮತ್ತೆ ಕ್ಯಾಪ್ ಹಿಡಿದು ನಿಲ್ಲಬೇಕಾದರೆ ವಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು. ಉಳಿಸಿಕೊಳ್ಳಬೇಕಾದದ್ದು ಇಷ್ಟೇ ಎತ್ತರ. ಇದು ಹೋದರೆ ಬೇರು ಎಷ್ಟೇ ಭದ್ರವಾಗಿದ್ದರೂ ಕೀಳಿಸುವ ಮಾತು ಬರುತ್ತದೆ.

ಎರಡನೆಯದು ಬೇರಿನೊಳಗಿನ ಸೋರಿಕೆ. 1990ರಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಕಿತ್ತ ಹಲ್ಲುಗಳಿಗೆ ಕ್ರಮವಾಗಿ ರೂಟ್ ಕೆನಾಲ್ ತುಂಬಿ, ಮೇಲುಭಾಗವನ್ನು ಮುಚ್ಚದೆ ಬ್ಯಾಕ್ಟೀರಿಯಾಗಳಿಗೆ ಒಡ್ಡಿದರು. ಒಂದು ಜಾತಿಯ ಬ್ಯಾಕ್ಟೀರಿಯಾ 19 ದಿನಗಳಲ್ಲಿ, ಮತ್ತೊಂದು ಜಾತಿಯದು 42 ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರುಗಳ ತುದಿಯವರೆಗೆ ಇಳಿದಿತ್ತು. ಜೀವಂತ ಬಾಯಿಯಲ್ಲಿ ಇದೇ ದಿನಗಣನೆ ನಡೆಯುತ್ತದೆಂದು ಹೇಳಲಾಗದು. ಆದರೂ ಬಯಲಾದ ಬೇರು ತಿಂಗಳುಗಟ್ಟಲೆ ಎಂಜಲಿನಲ್ಲಿ ನೆನೆದಿದ್ದರೆ ರೂಟ್ ಕೆನಾಲನ್ನೇ ಮತ್ತೆ ಮಾಡಬೇಕಾಗಬಹುದು ಎಂದು ದಂತವೈದ್ಯರು ಹೇಳುವುದು ಇಂಥ ಅಧ್ಯಯನಗಳ ಬಲದಿಂದಲೇ.

ಮೂರನೆಯದು ಹಲ್ಲುಗಳ ಚಲನೆ. ಹಲ್ಲು ಮೂಳೆಗೆ ನೇರವಾಗಿ ಬೆಸೆದುಕೊಂಡಿಲ್ಲ, ಸಣ್ಣ ತಂತುಗಳಲ್ಲಿ ತೂಗಿಕೊಂಡಿದೆ. ಎದುರಿನ ಹಲ್ಲಿನ ಒತ್ತು ತಪ್ಪಿದರೆ ಅದು ನಿಧಾನವಾಗಿ ಮೇಲೇಳುತ್ತದೆ, ಪಕ್ಕದ್ದು ಖಾಲಿ ಜಾಗದತ್ತ ವಾಲುತ್ತದೆ, ವಸಡು ಮೋಟಿನ ಮೇಲೆ ಹರಿದು ಬರುತ್ತದೆ. 25 ಮೈಕ್ರಾನಿನ ಲೆಕ್ಕದಲ್ಲಿ ಹೊಂದಿಕೆಯಾಗಿದ್ದ ಕ್ಯಾಪಿಗೆ ಕಾಲು ಮಿಲಿಮೀಟರ್ ಸರಿದರೂ ಜಾಗವಿಲ್ಲ.

ಇಷ್ಟಾದ ಮೇಲೂ ಡಾಕ್ಟರ ಬಳಿ ಅದೇ ಗಳಿಗೆಯಲ್ಲಿ ಓಡಲಾಗದ ಪರಿಸ್ಥಿತಿ ಇದ್ದೇ ಇದೆ. ಬಿಳಿಗಿರಿರಂಗನ ಬೆಟ್ಟದ ಪೋಡು ಎಂಬ ಕಾಡಿನ ಹಾಡಿಗಳಿಂದ, ಹನೂರಿನಾಚೆಯ ಕಾಡಂಚಿನ ಊರುಗಳಿಂದ ದಂತವೈದ್ಯರಿರುವ ಪಟ್ಟಣ ತಲುಪುವುದೇ ಅರ್ಧ ದಿನದ ಕೆಲಸ. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಗುಂಡ್ಲುಪೇಟೆಯ ಕಡೆ ಲಾರಿ ನಿಲ್ಲಿಸಿಕೊಂಡು ಬೆಳಕಿಗೆ ಕಾಯುವ ಚಾಲಕನ ಕ್ಯಾಪ್ ರಾತ್ರಿ ಹತ್ತಕ್ಕೆ ಕಳಚಿದರೆ ಆತ ಏನು ಮಾಡಬೇಕು? ಇದಕ್ಕಿಂತ ದೂರದಲ್ಲಿದ್ದವರೂ ಇದ್ದರು. ಸೋವಿಯತ್ ಗಗನಯಾತ್ರಿ ಯೂರಿ ರೊಮನೆಂಕೊ 1977–78ರಲ್ಲಿ ಸಲ್ಯೂತ್–6 ನಿಲ್ದಾಣದಲ್ಲಿ 96 ದಿನ ಇದ್ದಾಗ ಸುಮಾರು ಎರಡು ವಾರ ಹಲ್ಲುನೋವಿನಲ್ಲಿ ನರಳಿದರು. ಆ ನೌಕೆಯಲ್ಲಿ ಹಲ್ಲಿನ ಚಿಕಿತ್ಸೆಗೆ ಏರ್ಪಾಡೇ ಇರಲಿಲ್ಲ. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಔಷಧ ಪೆಟ್ಟಿಗೆಯಲ್ಲಿ ತಾತ್ಕಾಲಿಕ ಹಲ್ಲಿನ ಸಿಮೆಂಟ್ ಇರುತ್ತದೆ. ಕಳಚಿದ ಕ್ಯಾಪನ್ನು ತಾತ್ಕಾಲಿಕವಾಗಿ ಕೂರಿಸುವ ಕ್ರಮ ಯಾತ್ರಿಗಳ ಕೈಪಿಡಿಯಲ್ಲೇ ಬರೆದಿದೆ.

ಆ ಕ್ರಮ ಭೂಮಿಯ ಮೇಲೂ ನಡೆಯುತ್ತದೆ. ಮೊದಲು ಬಾಯಿ ಮುಕ್ಕಳಿಸಿ, ಮೋಟನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು. ಕ್ಯಾಪಿನೊಳಗೆ ತಾನಾಗಿ ಉದುರುವ ಸಿಮೆಂಟನ್ನಷ್ಟೇ ತೆಗೆಯಬೇಕು, ಚೂಪಾದ ವಸ್ತುವಿನಿಂದ ಕೆರೆಯಕೂಡದು. ಏನನ್ನೂ ಹಚ್ಚದೆ ಒಮ್ಮೆ ಹಾಕಿ ನೋಡಿ, ಯಾವ ಮುಖ ಯಾವ ಕಡೆ ಎಂದು ತಿಳಿದುಕೊಳ್ಳಬೇಕು. ಮೆಲ್ಲನೆ ಹಲ್ಲು ಕಚ್ಚಿದಾಗ ಮೊದಲಿನಂತೆಯೇ ಅನ್ನಿಸಿದರೆ ಕೂತಿದೆ ಎಂದರ್ಥ. ಈ ವಿಷಯದಲ್ಲಿ ಬಾಯಿಯ ತೀರ್ಪನ್ನು ನಂಬಬಹುದು. ಎರಡು ಹಲ್ಲುಗಳ ನಡುವೆ ಇಪ್ಪತ್ತು ಮೈಕ್ರಾನಿನ ಆಸುಪಾಸಿನ ಹಾಳೆ ಸಿಕ್ಕರೂ ಅದಕ್ಕೆ ಗೊತ್ತಾಗುತ್ತದೆ. ಎತ್ತರವಾಗಿದೆ ಎನ್ನಿಸಿದರೆ ಒತ್ತಿ ಕೂರಿಸಲು ಹೋಗದೆ ತೆಗೆದು ಡಬ್ಬಿಗೆ ಹಾಕಬೇಕು. ಸರಿಯಾಗಿ ಕೂತರೆ, ದೊಡ್ಡ ಔಷಧಿ ಅಂಗಡಿಯಲ್ಲಿ ತಾತ್ಕಾಲಿಕ ದಂತ ಸಿಮೆಂಟ್ ಸಿಕ್ಕರೆ ಅದನ್ನು, ಇಲ್ಲದಿದ್ದರೆ ಒಳಗೆ ಚೂರೇ ಚೂರು ವ್ಯಾಸಲೀನನ್ನೋ ಟೂತ್‌ಪೇಸ್ಟನ್ನೋ ಹಚ್ಚಿ ಕೂರಿಸಬಹುದು. ಪೇಸ್ಟ್, ವ್ಯಾಸಲೀನ್ ಕೆಲವು ಗಂಟೆ ಹಿಡಿದಿಡುತ್ತವೆ, ಅಷ್ಟೇ. ಮದುವೆಮನೆಯಲ್ಲಿ ಮುಂದಿನ ಹಲ್ಲು ಕಳಚಿದವರಿಗೆ ಅಷ್ಟೂ ದೊಡ್ಡ ನೆರವು.

ಮಲಗುವ ಮುನ್ನ ಅದನ್ನು ತೆಗೆದಿಡಲೇಬೇಕು. ಮಕ್ಕಳಿಗೆ, ಪಾರ್ಶ್ವವಾಯು ಹೊಡೆದು ನುಂಗಲು ಕಷ್ಟಪಡುವ ಹಿರಿಯರಿಗೆ, ಮದ್ಯ ಕುಡಿದವರಿಗೆ ಈ ತಾತ್ಕಾಲಿಕ ಉಪಾಯವನ್ನು ಮಾಡಲೇಬಾರದು. ಕಾರಣ ಮುಂದೆ ಬರುತ್ತದೆ.

ಫೆವಿಕ್ವಿಕ್‌ನಂಥ ಅಂಟಿನ ವಿಷಯವನ್ನು ಖಂಡಿತವಾಗಿ ಹೇಳಬೇಕು. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಎಲ್ಲವನ್ನೂ ಅಂಟಿಸುತ್ತದೆ, ಆಪರೇಷನ್ನಿನಲ್ಲೂ ಬಳಸುತ್ತಾರಂತೆ ಎಂಬ ಮಾತುಗಳು ಸೇರಿ ಜನ ಅದರ ಕಡೆ ಕೈ ಚಾಚುತ್ತಾರೆ. ಶಸ್ತ್ರಚಿಕಿತ್ಸೆಯ ಅಂಟು ಫೆವಿಕ್ವಿಕ್‌ನಂತೆಯೇ ಸಯನೊಅಕ್ರಿಲೇಟ್ ಕುಟುಂಬದ್ದಾದರೂ ಬೇರೆ ರಾಸಾಯನಿಕ. ಅಂಗಡಿಯದು ತೇವ ತಾಗಿದ ಕ್ಷಣ ಶಾಖ ಬಿಟ್ಟು ಗಟ್ಟಿಯಾಗುತ್ತದೆ. ಒದ್ದೆ ಬಾಯಿಯಲ್ಲಿ ಕ್ಯಾಪ್ ಸರಿಯಾಗಿ ಕೂರುವಷ್ಟು ಸಮಯವನ್ನೇ ಅದು ಕೊಡುವುದಿಲ್ಲ. ಅರ್ಧಕ್ಕೆ ನಿಂತ ಕ್ಯಾಪಿನ ಅಂಚಿನಲ್ಲಿ ಕೊಳೆ ಸೇರಿ ಕೊಳೆಯುತ್ತದೆ, ವಸಡು ಸುಡುತ್ತದೆ. ಕೊನೆಗೆ ಡಾಕ್ಟರು ಅದನ್ನು ಬಿಡಿಸಲು ಕ್ಯಾಪನ್ನೇ ಕತ್ತರಿಸಬೇಕಾಗುತ್ತದೆ. ಮತ್ತೆ ಕೂರಿಸಬಹುದಾಗಿದ್ದ ಕ್ಯಾಪ್ ಅಲ್ಲಿಗೆ ಮುಗಿಯಿತು.

ಅಜ್ಜಿಯಂದಿರ ಲವಂಗದ ಎಣ್ಣೆಗೆ ಮಾತ್ರ ವಿಜ್ಞಾನದ ಬೆಂಬಲವಿದೆ. ಅದರ ಬಹುಪಾಲು ಯೂಜಿನಾಲ್ ಎಂಬ ರಾಸಾಯನಿಕ. ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುವ ಗುಣ ಅದಕ್ಕಿದೆ. ದಂತವೈದ್ಯರು ಅದನ್ನು ಸತುವಿನ ಆಕ್ಸೈಡಿಗೆ ಬೆರೆಸಿ ತಾತ್ಕಾಲಿಕ ಸಿಮೆಂಟ್ ಮಾಡುತ್ತಾರೆ. ಕ್ಲಿನಿಕ್ಕಿನ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಲವಂಗದ ವಾಸನೆ ಅದೇ. ಜೀವಂತ ಹಲ್ಲು ಜುಮ್ಮೆನ್ನುತ್ತಿದ್ದರೆ ಹತ್ತಿಯ ತುದಿಗೆ ಒಂದು ಹನಿ ತಾಗಿಸಿ ಮೋಟಿಗೆ ಮುಟ್ಟಿಸಿದರೆ ಸಾಕು. ವಸಡಿಗೆ ಹಚ್ಚಿದರೆ ಸುಡುತ್ತದೆ, ಮಕ್ಕಳು ಕುಡಿದರೆ ವಿಷವಾಗುತ್ತದೆ. ಹಚ್ಚಿದ್ದರೆ ಡಾಕ್ಟರಿಗೆ ಹೇಳುವುದನ್ನು ಮರೆಯಬಾರದು, ಏಕೆಂದರೆ ಯೂಜಿನಾಲ್ ಉಳಿದರೆ ರೆಸಿನ್ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ನೋವು ಹೆಚ್ಚಿದ್ದರೆ ದೊಡ್ಡವರು ಪ್ಯಾರಸಿಟಮಾಲ್ ಮಾತ್ರೆಯನ್ನು ನುಂಗಬಹುದು, ದಿನಕ್ಕೆ 4 ಗ್ರಾಂ ಮೀರದಂತೆ. ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವ ಅಭ್ಯಾಸ ವಸಡಿನ ಮೇಲೆ ಬಿಳಿಯ ಸುಟ್ಟಗಾಯ ಮಾಡುತ್ತದೆ.

ಊಟಕ್ಕೆ ಈ ಸೀಮೆಯವರು ಚಿಂತಿಸಬೇಕಾಗಿಲ್ಲ. ರಾಗಿ ಮುದ್ದೆಯನ್ನು ಜಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಕ್ಯಾಪ್ ಕಳಚಿದ ಬಾಯಿಗೆ ಇದಕ್ಕಿಂತ ಒಳ್ಳೆಯ ಆಹಾರ ಹುಡುಕುವುದು ಕಷ್ಟ. ಬಿಸಿ ಮಾತ್ರ ಸ್ವಲ್ಪ ಆರಿರಲಿ. ಎಲೆ ಅಡಿಕೆಗೆ, ಕಡಲೆಗೆ, ಕಬ್ಬಿಗೆ ಆ ಕೆಲವು ದಿನ ರಜೆ. ಹಿಂದಿನ ಹಲ್ಲುಗಳು ಐವತ್ತು ಅರವತ್ತು ಕಿಲೋ ತೂಕಕ್ಕೆ ಸಮನಾದ ಬಲದಲ್ಲಿ ಕಚ್ಚಬಲ್ಲವು. ಕವಚವಿಲ್ಲದ ಮೋಟು ಅದನ್ನು ತಡೆಯದೆ ಉದ್ದಕ್ಕೆ ಸೀಳಬಹುದು, ಸೀಳಿದ ಬೇರನ್ನು ಉಳಿಸುವುದು ಬಹುತೇಕ ಆಗದ ಮಾತು. ಬ್ರಷ್ ಮಾಡುವಾಗ ಮೋಟನ್ನು ಬಿಟ್ಟುಬಿಡಬಾರದು, ಉಪ್ಪುನೀರಿನಲ್ಲಿ ಮುಕ್ಕಳಿಸುವುದೂ ಒಳ್ಳೆಯದು.

ಇನ್ನು ಕ್ಯಾಪೇ ಸಿಗದಿದ್ದರೆ? ನುಂಗಿದ್ದರೆ ಹೆಚ್ಚಿನವರಲ್ಲಿ ಒಂದು ವಾರದೊಳಗೆ ಮಲದ ಜೊತೆ ಹೊರಬರುತ್ತದೆ. ಮೊಳೆಯಂಥ ಕಡ್ಡಿ ಇದ್ದ ಕ್ಯಾಪಾದರೆ, ಹೊಟ್ಟೆನೋವು ಅಥವಾ ವಾಂತಿ ಕಂಡರೆ ಆಸ್ಪತ್ರೆಗೆ ಹೋಗಬೇಕು. ಭಯಪಡಬೇಕಾದದ್ದು ಅದು ಶ್ವಾಸನಾಳಕ್ಕೆ ಇಳಿದಾಗ. ಮಲಗುವ ಮುನ್ನ ತೆಗೆದಿಡಬೇಕೆಂದದ್ದು ಈ ಕಾರಣಕ್ಕೇ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲ ಮತ್ತು ನೆಟ್ಟಗಿರುವುದರಿಂದ ಬಿದ್ದ ವಸ್ತು ಹೆಚ್ಚಾಗಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಯಾಪ್ ಕಾಣೆಯಾದ ಹೊತ್ತಿಗೇ ಕೆಮ್ಮು ಹತ್ತಿದ್ದರೆ, ಉಸಿರಿನಲ್ಲಿ ಸಿಳ್ಳೆಯ ಸದ್ದು ಕೇಳಿದರೆ, ಮರುದಿನ ಜ್ವರ ಬಂದರೆ ತಡ ಮಾಡಕೂಡದು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತೆಂದು ಸಮಾಧಾನಪಟ್ಟುಕೊಳ್ಳುವುದು ಅಪಾಯಕರ, ವಸ್ತು ಒಳಗೇ ಕೂತಿದ್ದರೂ ಕೆಮ್ಮು ನಿಲ್ಲುತ್ತದೆ. ಉಸಿರು ಕಟ್ಟುತ್ತಿದ್ದರೆ 108ಕ್ಕೆ ಕರೆ ಮಾಡಬೇಕು. ಲೋಹದ ಕ್ಯಾಪ್ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಪ್ಲಾಸ್ಟಿಕ್‌ನಂಥ ಅಕ್ರಿಲಿಕ್‌ನ ತಾತ್ಕಾಲಿಕ ಕ್ಯಾಪ್ ಕಾಣುವುದಿಲ್ಲ, ಆದ್ದರಿಂದ ಯಾವ ಬಗೆಯದೆಂದು ಡಾಕ್ಟರಿಗೆ ಹೇಳಬೇಕು.

ಮುಖ ಊದಿ ಜ್ವರ ಬಂದರೆ ಅದೇ ದಿನ ಹೊರಡಬೇಕು. ಬಾಯಿ ತೆರೆಯಲಾಗದಿದ್ದರೆ, ನಾಲಿಗೆಯ ಕೆಳಗೆ ಊದಿ ಎಂಜಲು ನುಂಗಲೂ ಕಷ್ಟವಾದರೆ ಅದು ತುರ್ತು ಸ್ಥಿತಿ. ಅಂಥವರು ನೇರವಾಗಿ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ಗುಂಡ್ಲುಪೇಟೆ, ಚಾಮರಾಜನಗರದ ಯಾವುದೇ ದಂತವೈದ್ಯರ ಬಳಿ ಆಗುವ ಕೆಲಸವಿದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಗುಂಡ್ಲುಪೇಟೆಯಿಂದ ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ ದಂತ ಕಾಲೇಜುಗಳ ಆಸ್ಪತ್ರೆಗಳಿವೆ. ಕ್ಯಾಪಿರುವ ಡಬ್ಬಿಯ ಜೊತೆ ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಬೇಕು.

ಅಲ್ಲಿ ನಡೆಯುವುದು ದೊಡ್ಡ ಕೆಲಸವೇನಲ್ಲ. ಮೋಟಿನಲ್ಲಿ ಹುಳುಕಿದೆಯೇ, ಬೇರಿನ ತುದಿಯಲ್ಲಿ ಸೋಂಕಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ಕ್ಯಾಪಿನೊಳಗಿನ ಹಳೆಯ ಸಿಮೆಂಟ್ ಕೆರೆದು, ಹಾಕಿ ನೋಡಿ, ಬಣ್ಣದ ಕಾಗದ ಕಚ್ಚಿಸಿ ಎತ್ತರ ಪರೀಕ್ಷಿಸುತ್ತಾರೆ. ಎಲ್ಲ ಸರಿಯಿದ್ದರೆ ಮೋಟನ್ನು ಒಣಗಿಸಿ, ಹೊಸ ಸಿಮೆಂಟ್ ತುಂಬಿ, ಹತ್ತಿಯ ಉಂಡೆ ಕಚ್ಚಿಸಿ ಕೆಲವು ನಿಮಿಷ ಕೂರಿಸುತ್ತಾರೆ. ಗ್ಲಾಸ್ ಅಯನೊಮರ್ ಬಾಯಲ್ಲೇ ಗಟ್ಟಿಯಾದರೂ ಪೂರ್ಣ ಬಲ ಬರಲು ಒಂದು ದಿನ ಹಿಡಿಯುತ್ತದೆ. ಆದ್ದರಿಂದ ಆ ರಾತ್ರಿಯ ಊಟ ಇನ್ನೊಂದು ದವಡೆಯಲ್ಲಿ. ಕಚ್ಚಿದಾಗ ಕ್ಯಾಪ್ ಎತ್ತರವೆನ್ನಿಸಿದರೆ ಮರುದಿನವೇ ಹೋಗಿ ತಗ್ಗಿಸಿಕೊಂಡು ಬರಬೇಕು.